ಸುಣ್ಣದ ಗೂಡಿನ ಹೊಗೆಗೆ ಕರ್ಕಿಯ ಕಲಾಯಿ

ಬೆಳಗಿನ ಐದೂವರೆ. ಕರ್ಕಿ ಎಂಬ ಊರಿನ ತಮ್ಮ ಮನೆಯ ಹಿಂದಿನ ಚಪ್ಪರದಲ್ಲಿ ನಾಗಪತಿ ಕುಕ್ಕರಗಾಲಿನಲ್ಲಿ ಕೂತು ತೆಂಗಿನ ಕರಟದ ಇದ್ದಿಲಿಗೆ ಗಾಳಿ ಕೊಡುತ್ತಿದ್ದಾರೆ. ಎಡಗೈ ಗಾಳಿಚಕ್ರ ತಿರುಗಿಸುತ್ತಿದೆ. ಬಲಗೈಯ ಇಕ್ಕಳದಲ್ಲಿ ಅಂಗೈ ಅಗಲದ ತಾಮ್ರದ ತಗಡು. "ಕೂತ್ಕಳ್ಳಿ, ಆದ್ರೆ ಮಾತಾಡ್ಬೇಡಿ" ಎಂದು ನನಗೆ ಮೊದಲೇ ಅಪ್ಪಣೆಯಾಗಿದೆ. ತಗಡು ಕಾದು ಬಣ್ಣ ತಿರುಗುತ್ತಿದ್ದಂತೆ ಒಂದು ಚಿಟಿಕೆ ನವಸಾಗರ ಉದುರಿಸುತ್ತಾರೆ. ಬುಸ್ಸೆಂದು ಬಿಳಿ ಹೊಗೆ ಏಳುತ್ತದೆ. ತವರದ ಕಡ್ಡಿಯನ್ನು ಒಮ್ಮೆ ತಾಗಿಸಿ, ಹತ್ತಿಯ ಉಂಡೆಯಿಂದ ಒಂದೇ ಒಂದು ಎಳೆತ. ಕೆಂಪಗಿದ್ದದ್ದು ಬೆಳ್ಳಗಾಗಿ ಕೂರುತ್ತದೆ.

ತಗಡನ್ನು ಬದಿಗಿಟ್ಟ ಮೇಲೆಯೇ ಅವರು ಬಾಯಿ ಬಿಡುವುದು. "ಏಳು ಉಸಿರು ಎಣಿಸೂದ್ರೊಳಗೆ ಮುಗೀಬೇಕು. ಎಂಟಾತು ಅಂದ್ರೆ ತವರ ಹಳದಿ ತಿರುಗ್ತದೆ. ಬಿಸ್ಲು ಬಿದ್ಮೇಲೆ ಬೆಂಕಿ ಬಣ್ಣ ಕಾಣೂದಿಲ್ಲ, ಏಳು ಗಂಟೆ ಆದ್ರೆ ಕಡಲ ಗಾಳಿ ಶುರುವಾತದೆ. ಅದ್ಕೇ ಈ ಹೊತ್ತು ಮಾರಾಯ್ರೆ. ಇಲ್ದಿದ್ರೆ ನಂಗೂ ನಿದ್ದೆ ಸಿಹಿಯೇ."

ಇಂದು ಅವರು ಮಾಡಬೇಕಾದದ್ದು ಹನ್ನೆರಡು ತಗಡು. ಮಾಡುತ್ತಿರುವುದು ಹದಿನೇಳು. ಯಾಕೆಂದರೆ ಐದನ್ನು ಅವರೇ ತೆಗೆದುಹಾಕುತ್ತಾರೆ. ಕಣ್ಣಿಗೆ ಹಿಡಿದು, ಓರೆ ಮಾಡಿ, ಉಗುರಿನಿಂದ ಮೀಟಿ, "ಇದು ಬ್ಯಾಡ" ಎಂದು ಬುಟ್ಟಿಗೆ ಎಸೆಯುತ್ತಾರೆ. ಎಸೆದದ್ದಕ್ಕೂ ಇಟ್ಟುಕೊಂಡದ್ದಕ್ಕೂ ವ್ಯತ್ಯಾಸವೇನೆಂದು ನನಗಂತೂ ತಿಳಿಯಲಿಲ್ಲ. ಕೇಳಿದ್ದಕ್ಕೆ, "ನಲ್ವತ್ತೇಳು ವರ್ಷ ಹಾಕಿ, ಆಮೇಲೆ ಕಾಣ್ತದೆ" ಎಂದು ನಕ್ಕರು.

ಈ ಹನ್ನೆರಡು ತಗಡುಗಳು ಯಾರ ಅಡಿಗೆಮನೆಗೂ ಹೋಗುವುದಿಲ್ಲ. ಮಿರ್ಜಾನದಲ್ಲಿ ಅಘನಾಶಿನಿ ಹೊಳೆಯ ಚಿಪ್ಪು ಸುಡುವ ಒಂದು ಸುಣ್ಣದ ಗೂಡಿನ ಪಕ್ಕ ತಗಡಿನ ಶೆಡ್ಡೊಂದಿದೆ. ಅಲ್ಲಿ ಗೂಡಿನ ಹೊಗೆಯನ್ನು ಹಿಡಿದು, ತಣ್ಣಗೆ ಮಾಡಿ, ಅದರೊಳಗಿನ ಇಂಗಾಲದ ಡೈಆಕ್ಸೈಡನ್ನು ವಿದ್ಯುತ್ತಿನ ಬಲದಿಂದ ಫಾರ್ಮಿಕ್ ಆಮ್ಲ ಮಾಡುವ ಪ್ರಯೋಗ ಮೂರು ವರ್ಷದಿಂದ ನಡೆದಿದೆ. ನಾಗಪತಿಯವರ ತಗಡುಗಳು ಆ ಯಂತ್ರದ ಹೃದಯ. ಬರುವ ಸೋಮವಾರದಿಂದ ಅವು ನಿಲ್ಲದೆ ನೂರು ಗಂಟೆ ಕೆಲಸ ಮಾಡಬೇಕು. ಮಾಡಿದರೆ ಪ್ರಯೋಗ ಮುಂದುವರಿಯುತ್ತದೆ. ಮಾಡದಿದ್ದರೆ ಶೆಡ್ಡಿಗೆ ಬೀಗ. ಹಾಗೆಂದು ದುಡ್ಡು ಕೊಟ್ಟ ಇಲಾಖೆಯ ತಜ್ಞರ ಸಮಿತಿ ಬರೆದು ತಿಳಿಸಿದೆ.

"ಬೀಗ ಬಿದ್ರೆ ಬೀಳ್ಲಿ, ಆದ್ರೆ ನನ್ನ ತಗಡಿನ ದೆಸೆಯಿಂದ ಬೀಳ್ಬಾರ್ದು" ಎನ್ನುತ್ತಾರೆ ನಾಗಪತಿ. ಆ ಮಾತಿನ ಹಿಂದೆ ಒಂದು ಕಥೆಯಿದೆ. ಅವರೇ ಹೇಳಿದ್ದು, ಯಾರೂ ಬಾಯಿ ಬಿಡಿಸಿದ್ದಲ್ಲ.

ನಾಗಪತಿಗೆ ಈಗ ಐವತ್ತೆಂಟು. ಐದನೆಯ ಇಯತ್ತೆ ಮುಗಿಸಿದ ವರ್ಷವೇ ಅಪ್ಪ ಕೈಗೆ ಹತ್ತಿಯ ಉಂಡೆ ಕೊಟ್ಟರು. ಆಗ ಹತ್ತಿರದ ಕಾಸರಕೋಡದಿಂದ ಹಿಡಿದು ಭಟ್ಕಳದವರೆಗೆ ಹೆಗಲಿಗೆ ಚೀಲ ಹಾಕಿ "ಕಲಾಯೀ..." ಎಂದು ಕೂಗುತ್ತ ಹೊರಟರೆ, ಒಂದು ಕೇರಿಯಲ್ಲೇ ದಿನಕ್ಕೆ ಇಪ್ಪತ್ತೈದು ಪಾತ್ರೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಇಲ್ಲದೆ ಹುಳಿ ಕಾಸುವಂತಿರಲಿಲ್ಲ. ಆಮೇಲೆ ಸ್ಟೀಲು ಬಂತು. ನಾವೆಲ್ಲ ಸ್ಟೀಲು ತಂದು, ಹಿತ್ತಾಳೆಯನ್ನು ಅಟ್ಟಕ್ಕೆ ಎಸೆದು, ಕಲಾಯಿಯವರನ್ನು ಮರೆತು ಕೈ ತೊಳೆದುಕೊಂಡೆವು. ಅವರು ಏನು ಉಂಡರೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಸುಳ್ಳೇಕೆ.

"ಭಟ್ಕಳದ ಮದ್ವೆಗಳು ಉಳ್ಸಿದ್ವು ನಮ್ಮನ್ನ" ಎನ್ನುತ್ತಾರೆ ಅವರು. ಅಲ್ಲಿ ಬಿರಿಯಾನಿಗೆ ಇಂದಿಗೂ ತಾಮ್ರದ ದೊಡ್ಡ ದೇಗುಗಳೇ ಆಗಬೇಕು, ವರ್ಷಕ್ಕೆರಡು ಸಲ ಅವಕ್ಕೆ ಕಲಾಯಿ ಆಗಲೇಬೇಕು. ಒಂದೊಂದು ದೇಗಿನೊಳಗೆ ಆಳು ಇಳಿದು ಕೂರಬಹುದು. ಇಳಿದು ಕೂತು, ನವಸಾಗರದ ಹೊಗೆ ಕುಡಿದು ಕುಡಿದು ಅವರ ಎದೆಯಲ್ಲಿ ಈಗ ಸದಾ ಒಂದು ಗೊರಗೊರ ಸದ್ದು. ಬಲಗೈ ಹೆಬ್ಬೆರಳಿಗೆ ಬಿಸಿ ತಾಗಿದ್ದು ತಿಳಿಯುವುದಿಲ್ಲ. ತವರಕ್ಕೆ ಸೀಸ ಬೆರೆಸಿದರೆ ಹೊಳಪೂ ಹೆಚ್ಚು, ಖರ್ಚೂ ಕಡಿಮೆ. ಆ ದಾರಿಗೆ ಅವರು ಹೋದವರಲ್ಲ. "ಉಣ್ಣೂ ಪಾತ್ರೆಗೆ ಸೀಸ ಹಾಕ್ದವ ಯಮನಿಗೆ ಎಂತ ಉತ್ತರ ಕೊಡ್ತ?" ಎಂದು ಅವರ ಅಪ್ಪ ಕೇಳುತ್ತಿದ್ದರಂತೆ.

ಹೆಂಡತಿ ರೇಖಾ ಚಹಾ ತಂದಿಟ್ಟು ಮಾತಿಗೆ ಬಾಯಿ ಹಾಕುತ್ತಾರೆ. "ಯಮನ ಸುದ್ದಿ ಬಿಡಿ. ಹೋದ ಮಳೆಗಾಲದಲ್ಲಿ ಇವ್ರು ಗಾಳಿಚಕ್ರ ಗುಜರಿಗೆ ಹಾಕೂಕೆ ಹೊರಟಿದ್ರು. ಬಾಗಿಲಲ್ಲಿ ನಿಂತು ತಡ್ದವ್ಳು ನಾನು. ಅದನ್ನೂ ಬರೀರಿ!" ಬರೆದಿದ್ದೇನೆ.

ಆ ದಿನಗಳಲ್ಲೇ ಅರ್ಚಿತಾ ಈ ಮನೆಯ ಅಂಗಳಕ್ಕೆ ಬಂದದ್ದು. ಅರ್ಚಿತಾ ಕುಮಟೆಯ ಕಡೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುವವರು, ಮಿರ್ಜಾನದ ಪ್ರಯೋಗದ ಮುಖ್ಯಸ್ಥೆ. ನಾಗಪತಿಯ ಮಗಳ ವಯಸ್ಸಿನವರು, ಆದರೂ ಇವರ ಬಾಯಲ್ಲಿ 'ಅಕ್ಕೋರು'. ದೊಡ್ಡ ಊರುಗಳಿಂದ ತರಿಸಿದ ತವರದ ತಗಡುಗಳು ಅವರ ಯಂತ್ರದಲ್ಲಿ ಪಾಪಡದ ಹಾಗೆ ಸಿಪ್ಪೆ ಏಳುತ್ತಿದ್ದವು. ಬೇಸತ್ತು ಮನೆಗೆ ಹೋದಾಗ ತಾಯಿ ಹಬ್ಬಕ್ಕಷ್ಟೇ ಅಟ್ಟದಿಂದ ಇಳಿಯುವ ಒಂದು ಹಿತ್ತಾಳೆ ತಪ್ಪಲೆಯಿಂದ ಸಾರು ಬಡಿಸಿದರಂತೆ. ಹದಿನೈದು ವರ್ಷದ ಹಿಂದೆ ಹಾಕಿಸಿದ ಕಲಾಯಿ, ಒಂದು ಚೂರೂ ಎದ್ದಿರಲಿಲ್ಲ. ಹಾಕಿದವರು ಯಾರು ಎಂದು ಹುಡುಕಿಕೊಂಡು ಬಂದರು.

"ತಗಡು ಕೈಗೆ ಕೊಟ್ರು. ನೋಡ್ತೆ, ಇದಕ್ಕೆ ಅಡಿ ಇಲ್ಲ, ಅಂಚಿಲ್ಲ, ಹಿಡಿ ಇಲ್ಲ. 'ಇದೆಂತ ಪಾತ್ರೆ ಅಕ್ಕೋರೆ, ಇದ್ರಲ್ಲಿ ಎಂತ ಬೇಯ್ಸೂದು?' ಕೇಳ್ದೆ. 'ಹೊಗೆ ಬೇಯ್ಸೂದು ನಾಗಪತಣ್ಣ' ಅಂದ್ರು. ಈ ಹುಡ್ಗಿಗೆ ತಲೆ ಸಮಾ ಇಲ್ಲ ಅಂದ್ಕಂಡೆ ನಾನು!"

ಹೊಗೆ ಬೇಯಿಸುವುದೆಂದರೆ ಏನು ಎಂದು ಅರ್ಚಿತಾರನ್ನು ಕೇಳಿದೆ. ಅವರು ವಿವರಿಸಿದ್ದು ಹೀಗೆ. ಚಿಪ್ಪು ಸುಟ್ಟರೆ ಸುಣ್ಣ ಉಳಿದು ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಅದು ಮಹಾ ಸೋಮಾರಿ ಅನಿಲ, ಯಾರ ಜೊತೆಗೂ ಬೇಗ ಸೇರುವುದಿಲ್ಲ. ಅದನ್ನು ಕ್ಷಾರದ ನೀರಿನಲ್ಲಿ ಕರಗಿಸಿ, ಆ ನೀರಿನಲ್ಲಿ ತವರದ ತಗಡು ನಿಲ್ಲಿಸಿ, ವಿದ್ಯುತ್ ಹರಿಸಬೇಕು. ಆಗ ತವರದ ಮೈಮೇಲೆ ಆ ಅನಿಲ ನೀರಿನ ಹೈಡ್ರೋಜನ್ ಜೊತೆ ಕೂಡಿ ಫಾರ್ಮಿಕ್ ಆಮ್ಲಕ್ಕೆ ಮೂಲವಾದ ಲವಣವಾಗುತ್ತದೆ. ತವರ ಮಾತ್ರ ಖರ್ಚಾಗುವುದಿಲ್ಲ. ಇಂಥ ಕೆಲಸ ಮಾಡುವ ವಸ್ತುವಿಗೆ ವೇಗವರ್ಧಕ ಎಂದು ಹೆಸರು. ನಾಗಪತಿ ಅದನ್ನು ತಮ್ಮ ರೀತಿಯಲ್ಲಿ ಅರ್ಥಮಾಡಿಕೊಂಡಿದ್ದಾರೆ: "ಮದ್ವೆ ಮಾಡ್ಸೂ ಭಟ್ರ ಹಂಗೆ. ಇಬ್ರನ್ನ ಸೇರ್ಸ್ತದೆ, ತಾನು ಮಾತ್ರ ಹೆಂಗಿತ್ತೋ ಹಂಗೇ ಎದ್ದು ಹೋಗ್ತದೆ."

ಮೊದಲ ಸಲ ಆಮ್ಲ ತುಂಬಿದ ಸೀಸೆಯ ಬಿರಡೆ ತೆಗೆದಾಗ ನಾಗಪತಿ ಮೂಗು ಮುಚ್ಚಿ ಹಿಂದೆ ಸರಿದರಂತೆ. "ಅಯ್ಯೋ, ಇದು ಚಗಳಿ ಕೊಟ್ಟೆ ಒಡೆದ ವಾಸ್ನೆ ಅಲ್ದಾ!" ನಿಜವೇ. ಎಲೆ ಸೇರಿಸಿ ಕೊಟ್ಟೆಯಂಥ ಗೂಡು ಕಟ್ಟುವ ಚಗಳಿ ಇರುವೆ ಕಚ್ಚಿದಾಗ ಉರಿಯುವುದು ಇದೇ ಆಮ್ಲದಿಂದ. ನಮ್ಮ ಕಡೆ ಇದರ ದೊಡ್ಡ ಗಿರಾಕಿಗಳು ರಬ್ಬರ್ ಬೆಳೆಗಾರರು. ಮರದಿಂದ ಇಳಿಸಿದ ರಬ್ಬರ್ ಹಾಲು ಗಟ್ಟಿಯಾಗಿ ಹಾಳೆಯಾಗಬೇಕಾದರೆ ಈ ಆಮ್ಲ ಬೇಕು. ಇಷ್ಟು ದಿನ ಅದು ದೂರದ ಕಾರ್ಖಾನೆಗಳಿಂದ ಕ್ಯಾನಿನಲ್ಲಿ ಬರುತ್ತಿತ್ತು. ಮಿರ್ಜಾನದ ಹೊಗೆ ಭಟ್ಕಳದ ರಬ್ಬರಿಗೆ ಆದರೆ ಹೇಗೆ ಎಂಬುದು ಅರ್ಚಿತಾರ ಆಸೆ.

ನಾಗಪತಿಯ ತಗಡು ಸಿಪ್ಪೆ ಏಳಲಿಲ್ಲ. ಶೆಡ್ಡಿನಲ್ಲಿ ಅಂದು ಎಲ್ಲರಿಗೂ ಹಬ್ಬ. ಆದರೆ ಎರಡು ಗಂಟೆ ಸಮಾ ನಡೆದ ಯಂತ್ರ ಮೂರನೆಯ ಗಂಟೆಗೆ ದಾರಿ ತಪ್ಪಿತು. ನೂರು ಪಾಲು ವಿದ್ಯುತ್ತಿನಲ್ಲಿ ಎಂಬತ್ತು ಪಾಲು ಆಮ್ಲದ ಕೆಲಸಕ್ಕೆ ಹೋಗುತ್ತಿದ್ದದ್ದು ಹದಿನೈದಕ್ಕೆ ಇಳಿಯಿತು. ಉಳಿದದ್ದೆಲ್ಲ ಬರಿಯ ಹೈಡ್ರೋಜನ್ ಗುಳ್ಳೆ. ತಗಡು ಬದಲಿಸಿದರು, ಮತ್ತೆ ಅದೇ ಹಾಡು. ಅರ್ಚಿತಾ ಮೊದಲು ಹೊಗೆಯನ್ನು ಅನುಮಾನಿಸಿದರು. ಆಮೇಲೆ ನೀರನ್ನು, ಆಮೇಲೆ ಬ್ಯಾಟರಿಯನ್ನು. ಒಂದೊಂದನ್ನೇ ಬದಲಿಸುತ್ತ ನಾಲ್ಕು ತಿಂಗಳು ಕಳೆಯಿತು. ಆ ಹೊತ್ತಿಗೆ ಸಮಿತಿಯ ಕಾಗದ ಬಂತು: ನೂರು ಗಂಟೆ ಓಡಿಸಿ ತೋರಿಸಿ, ಇಲ್ಲವೇ ಮುಚ್ಚಿ.

"ನಾನೂ ಕರೆಂಟಿನ ಮೇಲೇ ಹಾಕ್ದೆ" ಎನ್ನುತ್ತಾರೆ ನಾಗಪತಿ. "ಕುಣಿಯೂಕೆ ಬರ್ದವ್ಳು ಅಂಗಳ ಡೊಂಕು ಅಂದ್ಳಂತೆ. ಅದು ಇದೇ ನೋಡಿ."

ಕಳೆದ ಡಿಸೆಂಬರಿನಲ್ಲಿ ಒಂದು ದಿನ ಹೊಸ ತಗಡು ಕೊಡಲು ಹೋದವರು, ಯಂತ್ರದಿಂದ ತೆಗೆದಿಟ್ಟ ಹಳೆಯದೊಂದನ್ನು ಸುಮ್ಮನೆ ಎತ್ತಿಕೊಂಡರು. ಕಿಟಕಿಯ ಬೆಳಕಿಗೆ ಓರೆ ಹಿಡಿದರು. ಬೂದು ತವರದ ನಡುವೆ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು. ಕಬ್ಬಿಣದ ತುಕ್ಕು ಹೇಗಿರುತ್ತದೆಂದು ಲೋಹದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ತಾಮ್ರದಲ್ಲಿ ಕಬ್ಬಿಣ ಎಲ್ಲಿಂದ, ತವರದಲ್ಲಿ ಎಲ್ಲಿಂದ? ಯೋಚಿಸುತ್ತ ತಮ್ಮ ಕೈ ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು.

ಕಲಾಯಿ ಹಾಕುವ ಮೊದಲು ಪಾತ್ರೆ ಬೆಳಗಬೇಕು. ಹುಣಸೆಹಣ್ಣು, ಮೇಲೊಂದು ಹಿಡಿ ಕೆಂಪು ಮಣ್ಣು. ಅಪ್ಪ ಬೆಳಗಿದ್ದು ಹಾಗೆ, ಅಜ್ಜ ಬೆಳಗಿದ್ದೂ ಹಾಗೆ. ನಮ್ಮ ಕರಾವಳಿಯ ಕೆಂಪು ಮಣ್ಣಿನ ಕೆಂಪೆಲ್ಲ ಕಬ್ಬಿಣದ್ದು. ಉಜ್ಜುವಾಗ ಅದರ ಹುಡಿ ತಾಮ್ರದ ಮೈಯೊಳಗೆ ಕೂರುತ್ತಿತ್ತು. ಮೇಲಿನ ತವರದ ಪದರ ತೆಳ್ಳಗೆ. ಎರಡು ಗಂಟೆ ವಿದ್ಯುತ್ ಹರಿದ ಮೇಲೆ ಕಬ್ಬಿಣ ಹೊರಗೆ ಇಣುಕಿ ಹೈಡ್ರೋಜನ್ ಗುಳ್ಳೆ ಎಬ್ಬಿಸುವ ತನ್ನ ಕಿತಾಪತಿ ಶುರುಮಾಡುತ್ತಿತ್ತು. ಅಡಿಗೆಯ ಪಾತ್ರೆಗೆ ಇದರಿಂದ ಏನೂ ಆಗದು. ಈ ತಗಡಿಗೆ ಅದೇ ವಿಷ.

"ಬೆಳಗಿದ್ದನ್ನ ನಾನು ಅಕ್ಕೋರಿಗೆ ಹೇಳೇ ಇರ್ಲಿಲ್ಲ. ಹೇಳೂದೆಂತದು? ಮದ್ವೆಗೆ ಹೋಪವ ಮುಖ ತೊಳ್ಕಂಡೆ ಅಂತ ಹೇಳ್ತನಾ? ಅವ್ರೂ ಕೇಳ್ಲಿಲ್ಲ" ಎನ್ನುತ್ತಾರೆ. ಹೇಳುವಾಗ ದನಿ ತಗ್ಗುತ್ತದೆ. "ಹೊರಗೆ ಬಂದು ಚಿಪ್ಪಿನ ರಾಶಿ ಮೇಲೆ ಕೂತೆ. ಹೇಳ್ಬೇಕಾ, ಬ್ಯಾಡ್ವಾ? ಹೇಳ್ದೆ ಸುಮ್ನೆ ಮಣ್ಣು ಬದ್ಲಿ ಮಾಡಿದ್ರೆ ಯಾರಿಗೂ ಗೊತ್ತಾತಿರ್ಲಿಲ್ಲ. ನನ್ನ ಮರ್ಯಾದಿ ನನ್ನ ಹತ್ರ ಉಳೀತಿತ್ತು."

ಅವರು ಒಳಗೆ ಹೋಗಿ ಹೇಳಿದರು. ಆ ಗಳಿಗೆಯನ್ನು ಅರ್ಚಿತಾ ಮರೆತಿಲ್ಲ. "ಎಲ್ಲರ ಎದುರು ನಿಂತು, 'ಅಕ್ಕೋರೆ, ತಪ್ಪು ನಂದು. ನಾಲ್ಕು ತಿಂಗ್ಳು ನಾನು ತಿಂದೆ' ಅಂದ್ರು. ನನಗೆ ಕೋಪ ಬರಬೇಕಿತ್ತೋ ಏನೋ. ಅಳು ಬಂತು. ನಾನು ಓದಿದವಳು, ತಗಡು ಹೇಗೆ ತೊಳೀತೀರಿ ಅಂತ ಒಂದು ಮಾತು ಕೇಳಬಾರದಿತ್ತೇ? ಅವರ ಕೈಕೆಲಸವನ್ನು ನಾನು ಮಂತ್ರ ಅಂದುಕೊಂಡು ಸುಮ್ಮನಿದ್ದೆ." ತಗಡನ್ನು ಪರೀಕ್ಷೆಗೆ ಕಳಿಸಿದಾಗ ಉತ್ತರ ಒಂದೇ ಪದದಲ್ಲಿ ಬಂತು: ಕಬ್ಬಿಣ.

ಮುಂದಿನದನ್ನು ಕಂಡುಹಿಡಿದವರೂ ನಾಗಪತಿಯೇ. ಬೆಳಗಲು ಕೆಂಪಿಲ್ಲದ ಹುಡಿ ಬೇಕು, ತಾಮ್ರಕ್ಕೆ ಗೀರು ಬೀಳಬಾರದು. ಅವರು ಕೂತು ಯೋಚಿಸಿದ್ದು ಚಿಪ್ಪಿನ ರಾಶಿಯ ಮೇಲೆಯೇ ಆದ್ದರಿಂದ ದೂರ ಹೋಗಬೇಕಾಗಲಿಲ್ಲ. ಸುಡದ ಚಿಪ್ಪನ್ನು ಕಲ್ಲಿನ ಒರಳಲ್ಲಿ ಕುಟ್ಟಿ ಹುಡಿ ಮಾಡಿದರು. ಸೋಸುವ ಕೆಲಸ ರೇಖಾರದು. "ನನ್ನ ವಾಯಿಲ್ ಸೀರೆ ಒಂದು ಅದಕ್ಕೇ ಹೋಯ್ತು" ಎಂದು ಅವರು ದೂರುತ್ತಾರೆ. "ಒಂದ್ಸಲ ಸೋಸಿದ್ರೆ ಸಾಲ್ದು, ನಾಕು ಸಲ! ಮಗಳ ಬಾಣಂತನದ ಹಿಟ್ಟೂ ನಾನು ಇಷ್ಟು ಸೋಸಿಲ್ಲ." ತೊಳೆಯಲು ಅರ್ಚಿತಾ ಕೊಟ್ಟ ಶುದ್ಧ ನೀರು ಮಾತ್ರ. ಅಜ್ಜನ ಕಾಲದ ಕಬ್ಬಿಣದ ಇಕ್ಕಳವನ್ನೂ ಗೂಟಕ್ಕೆ ಏರಿಸಿ, ತಾಮ್ರದ್ದೇ ಹೊಸ ಇಕ್ಕಳ ಮಾಡಿಕೊಂಡರು.

ಹೊಸ ತಗಡು ಆರು ಗಂಟೆ ನಡೆಯಿತು. ಆಮೇಲೆ ಹದಿನೆಂಟು. ಫೆಬ್ರವರಿಯಲ್ಲಿ ಅರವತ್ತು ದಾಟಿತು. ನೂರು ಇನ್ನೂ ಆಗಿಲ್ಲ. ಇಂದು ಬೆಳಗ್ಗೆ ಮಾಡಿದ ಹನ್ನೆರಡು ತಗಡುಗಳನ್ನು ನಡುನಡುವೆ ಬಟ್ಟೆ ಇಟ್ಟು ಊಟದ ಡಬ್ಬಿಯಲ್ಲಿ ಜೋಡಿಸಿ ನಾಗಪತಿ ಬಸ್ಸು ಹತ್ತುತ್ತಾರೆ. ಕುಮಟೆಯಲ್ಲಿ ಬಸ್ಸು ಬದಲಿಸಿದಾಗ ಪರಿಚಯದ ಕಂಡಕ್ಟರ್ ಕೇಳುತ್ತಾನೆ: "ಎಂತ ಅಣ್ಣ, ಇವತ್ತು ಊಟಕ್ಕೆ ಎಂತ?" "ತಾಮ್ರ" ಎಂದು ಇವರು ಗಂಭೀರವಾಗಿ ಹೇಳಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಳ್ಳುತ್ತಾರೆ.

ಸೋಮವಾರ ಬೆಳಗ್ಗೆ ಎಂಟಕ್ಕೆ ಅರ್ಚಿತಾ ಗುಂಡಿ ಒತ್ತುತ್ತಾರೆ. ಹಗಲು ಚಾವಣಿಯ ಸೌರ ಫಲಕದ ವಿದ್ಯುತ್ತು, ಕತ್ತಲಾದ ಮೇಲೆ ಬ್ಯಾಟರಿಯದು. ನಾಗಪತಿ ದಿನವೂ ಮೊದಲ ಬಸ್ಸಿಗೆ ಬಂದು ಗಾಜಿನ ಮುಂದೆ ಸ್ಟೂಲು ಹಾಕಿ ಕೂರುತ್ತಾರೆ. ಪಕ್ಕದಲ್ಲಿ ಕಂಪ್ಯೂಟರ್ ಪರದೆ ಇದೆ, ಅತ್ತ ತಿರುಗಿಯೂ ನೋಡುವುದಿಲ್ಲ. "ಒಳ್ಳೆ ತಗಡು ಗಲಾಟೆ ಮಾಡೂದಿಲ್ಲ. ಗುಳ್ಳೆ ಬುಳುಬುಳು ಎದ್ದಿತು ಅಂದ್ರೆ ಕೆಟ್ಟಿತು ಅಂತ ಲೆಕ್ಕ." ಬುಧವಾರ ಮಧ್ಯಾಹ್ನ ಐದನೆಯ ತಗಡಿನ ಮೂಲೆಯಲ್ಲಿ ಗುಳ್ಳೆಗಳು ಸಾಲುಗಟ್ಟಿದಾಗ ಅವರ ಮುಖ ನೋಡಲಾಗಲಿಲ್ಲ. ಅರ್ಚಿತಾ ಬಂದು, ಸಡಿಲವಾಗಿ ಸೋರುತ್ತಿದ್ದ ಅನಿಲದ ಕೊಳವೆಯ ತಿರುಪು ಸ್ವಲ್ಪ ಬಿಗಿ ಮಾಡಿದರು. ಹೊಗೆ ಕಡಿಮೆ ಬರುತ್ತಿತ್ತಂತೆ, ಅಷ್ಟೇ. ಗುಳ್ಳೆ ನಿಂತಿತು. "ಈ ಸಲ ನಂದಲ್ಲ!" ಎಂದು ನಾಗಪತಿ ಕೂಗಿದ್ದಕ್ಕೆ ಗೂಡಿನ ಆಳುಗಳೆಲ್ಲ ಒಳಗೆ ಇಣುಕಿ ನೋಡಿದರು.

ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ನೂರು ಗಂಟೆ ತುಂಬಿತು. ಪರದೆಯ ಮೇಲೆ ಎಪ್ಪತ್ತೊಂಬತ್ತು ಎಂಬ ಅಂಕಿ ನಿಂತಿತ್ತು, ಅಂದರೆ ನೂರು ಪಾಲು ವಿದ್ಯುತ್ತಿನಲ್ಲಿ ಅಷ್ಟು ಪಾಲು ಆಮ್ಲದ ಕೆಲಸಕ್ಕೆ. ಯಂತ್ರ ನಿಲ್ಲಿಸುವುದು ಬೇಡ ಎಂದರು ನೋಡಲು ಬಂದಿದ್ದ ಸಮಿತಿಯ ಹಿರಿಯರು. ಅದು ಇನ್ನೂ ಓಡುತ್ತಲೇ ಇದೆ.

ಆದರೆ ಅಂಕಿ ನೋಡಿ ಒಪ್ಪುವವರಲ್ಲ ರಬ್ಬರಿನವರು. ಆಮ್ಲವನ್ನು ಶುದ್ಧ ಮಾಡಿ, ಮುಂದಿನ ವಾರ ಒಂದು ಲೀಟರಿನ ಸೀಸೆ ಹಿಡಿದು ಎಲ್ಲರೂ ಭಟ್ಕಳ ತಾಲೂಕಿನ ತ್ರ್ಯಂಬಕರ ರಬ್ಬರ್ ಶೆಡ್ಡಿಗೆ ಹೋದೆವು. ಮೂವತ್ತು ವರ್ಷದಿಂದ ರಬ್ಬರ್ ಮಾಡುತ್ತಿರುವ, ಯಾವುದನ್ನೂ ಬೇಗ ನಂಬದ ಮನುಷ್ಯ. ಅರ್ಚಿತಾರಿಗೆ ತಮ್ಮಿಬ್ಬರ ಮನೆಮಾತಿನಲ್ಲೇ ಹೇಳಿದರು: "ಯಂಗೆ ನಿನ್ನ ಹೊಗೆ ಸುದ್ದಿ ಎಲ್ಲ ಗೊತ್ತಿಲ್ಲೆ ಕೂಸೇ. ಹಾಲು ಗಟ್ಟಿ ಆದ್ರೆ ಆತು." ಬೆಳಗ್ಗೆ ಇಳಿಸಿದ ಹಾಲನ್ನು ಸೋಸಿ, ನೀರು ಬೆರೆಸಿ, ನಾಲ್ಕು ತಟ್ಟೆಗೆ ಹೊಯ್ದರು. ನೀರು ಹಾಕಿ ತೆಳುಮಾಡಿದ ಆಮ್ಲ ಸೇರಿಸಿ, ಕದಡಿ, ನೊರೆ ತೆಗೆದರು. ಮಧ್ಯಾಹ್ನದವರೆಗೆ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಎರಡು ಗಂಟೆಗೆ ತ್ರ್ಯಂಬಕ ಮೊದಲ ತಟ್ಟೆಗೆ ಬೆರಳಿಟ್ಟರು. ಒತ್ತಿದರು. ಆಮೇಲೆ ಇಡೀ ತಟ್ಟೆಯನ್ನೇ ಬೋರಲು ಹಾಕಿದರು. ಬೆಳ್ಳಗಿನ ಹಾಳೆ ಇಡಿಯಾಗಿ ಕಲ್ಲಿನ ಮೇಲೆ ಬಿತ್ತು. "ಗಟ್ಟಿ ಆಜು ಕೂಸೇ! ಸಮಾ ಗಟ್ಟಿ ಆಜು!" ಎಂದವರು ನಾಗಪತಿಯ ಕಡೆ ತಿರುಗಿ, ಒದ್ದೆ ಕೈಯಲ್ಲೇ ಅವರ ಕೈ ಹಿಡಿದುಕೊಂಡರು. ಪಕ್ಕದಲ್ಲಿ ನಿಂತು ಟಿಪ್ಪಣಿ ಬರೆದದ್ದು ಬಿಟ್ಟರೆ ನಾನು ಮಾಡಿದ್ದೇನೂ ಇಲ್ಲ. ಆದರೂ ನಮ್ಮೂರಿನವರು ಎಂದು ಕೂಗಬೇಕೆನಿಸಿತು.

ತಗಡು ಮಾಡುವ ವಿಧಾನವನ್ನು ಕ್ರಮವಾಗಿ ಬರೆದುಕೊಡಿ, ಬೇರೆ ಊರುಗಳ ಸುಣ್ಣದ ಗೂಡುಗಳಲ್ಲೂ ಮಾಡಿಸಬೇಕು ಎಂದು ಸಮಿತಿ ಕೇಳಿದೆ. ಅಂದು ಸಂಜೆಯೇ ಅರ್ಚಿತಾ ಕರ್ಕಿಯ ಅಂಗಳದಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರು. ಎದುರಿಗೆ ಮಣೆಯ ಮೇಲೆ ನಾಗಪತಿ.

"ಒಂದು" ಎಂದು ಅರ್ಚಿತಾ ಶುರುಮಾಡಿದರು. "ತಾಮ್ರದ ತಗಡನ್ನು ಚಿಪ್ಪಿನ ಹುಡಿಯಿಂದ..."

"ಅಲ್ಲ ಅಕ್ಕೋರೆ. ಮೊದ್ಲು ತಪ್ಪು ಬರೀರಿ. 'ಕೆಂಪು ಮಣ್ಣು ಮುಟ್ಟಬೇಡಿ. ಮುಟ್ಟಿ ನಾಲ್ಕು ತಿಂಗಳು ಹಾಳಾಗಿದೆ.' ಹಂಗೇ ಬರೀರಿ."

"ಅದು ಯಾಕೆ ನಾಗಪತಣ್ಣ? ಈಗ ಸರಿಯಾಗಿದೆಯಲ್ಲ. ನಿಮ್ಮ ಹೆಸರು ಕೊನೆಯಲ್ಲಿ ಚೆಂದಾಗಿ ಬರುತ್ತದೆ."

"ಬೇರೆ ಊರಲ್ಲಿ ಇದ್ನ ಮಾಡೂಕೆ ಕೂರೂವ್ನೂ ನನ್ನಂಥ ಕಲಾಯಿಯವ್ನೇ ಅಲ್ದಾ? ಅವ್ನೂ ಮಣ್ಣಲ್ಲೇ ಬೆಳಗ್ತ. ಅವ ಯಾರಿಗೂ ಹೇಳೂದಿಲ್ಲ, ಅವ್ನ ಯಾರೂ ಕೇಳೂದೂ ಇಲ್ಲ."

ಅರ್ಚಿತಾ ಅಳಿಸಿ, ಅವರು ಹೇಳಿದಂತೆಯೇ ಬರೆದು, ಓದಿ ತೋರಿಸಿದರು. ನಾಗಪತಿ ತಲೆದೂಗಿದರು. ಆಮೇಲೆ ಸ್ವಲ್ಪ ಮುಂದೆ ಬಾಗಿ ಪರದೆಯ ಆ ಸಾಲಿನ ಕೆಳಗೆ ಬೆರಳಿಟ್ಟರು.

"ನನ್ನ ಹೆಸ್ರು ಕೊನೆಗೆ ಬ್ಯಾಡ, ಇಲ್ಲಿ ಹಾಕಿ. ಊರೂ ಹಾಕಿ. ತಪ್ಪು ಮಾಡ್ದವ ಯಾರು, ಅದ್ನ ಹಿಡ್ದವ ಯಾರು ಅಂತ ಇಬ್ರನ್ನ ಹುಡ್ಕೂದು ಬ್ಯಾಡ, ಒಬ್ಬನೇ ಅಂತ ಗೊತ್ತಾಗ್ಲಿ."